ಹೇಳಿದವರು, ಕೇಳಿದವರು

ಔಷಧಿಯ ಕಪಾಟಿಗೆ ನಮ್ಮ ಮನೆತನದ ವಿಚಾರವೆಲ್ಲ ಗೊತ್ತಿದ್ದರೆ ಹೇಗೆ? ಹೀಗೊಂದು ಪ್ರಶ್ನೆಯನ್ನು ಯಾರೋ ಕೇಳಿದರು, ಇನ್ಯಾರೋ ತಲೆಗೆ ಹಚ್ಚಿಕೊಂಡರು, ಹತ್ತು ವರ್ಷ ಕಳೆಯುವುದರೊಳಗೆ ಕರಾವಳಿಯ ಪ್ರತಿ ಆರೋಗ್ಯ ಕೇಂದ್ರದಲ್ಲೂ ಅಂಥದೊಂದು ಕಪಾಟು ಬಂದು ನಿಂತಿತು. ನರ್ಸ್ ರೋಗಿಯ ಕಾರ್ಡನ್ನು ಮುಟ್ಟಿಸಬೇಕು. ಔಷಧಿ ಆ ಮೈಗೆ ಒಗ್ಗುವುದಾದರೆ ಹಸಿರು ದೀಪ ಹೊತ್ತಿ ಖಾನೆ ತೆರೆದುಕೊಳ್ಳುತ್ತದೆ. ಒಗ್ಗದಿದ್ದರೆ ಕೆಂಪು ದೀಪ. ಖಾನೆ ಎಳೆದರೂ ಬಾರದು, ಬೈದರೂ ಬಾರದು. ಅಜ್ಜನಿಗೆ ಆಗದ ಮಾತ್ರೆ ಮೊಮ್ಮಗನಿಗೂ ಆಗಲಿಕ್ಕಿಲ್ಲ ಎಂಬುದನ್ನು ಆ ಕಪಾಟು ಮನೆಯವರಿಗಿಂತ ಚೆನ್ನಾಗಿ ನೆನಪಿಟ್ಟುಕೊಂಡಿತ್ತು. ಅದರಿಂದ ಬದುಕಿಕೊಂಡವರು ಸಾವಿರಗಟ್ಟಲೆ ಇದ್ದರು.

ಶೇಖರನಿಗೂ ಅದು ಹಸಿರು ದೀಪ ತೋರಿಸಿತು.

ಶೇಖರ ಹೊಸಕೋಡಿ ಬಂದರಿನಲ್ಲಿ ಇಂಜಿನ್ ಮೇಸ್ತ್ರಿ. ವಯಸ್ಸು ಐವತ್ತೆಂಟು. ಬೋಟುಗಳೆಲ್ಲ ಬ್ಯಾಟರಿಗೆ ತಿರುಗಿ ಎಷ್ಟೋ ವರ್ಷಗಳಾಗಿದ್ದರೂ ಅವನ ವಿದ್ಯೆ ಹಳೆಯದೇ. ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ, ಯಾವ ಬೇರಿಂಗು ಸವೆದಿದೆ ಎಂದು ಹೇಳಿಬಿಡುತ್ತಿದ್ದ. ಆ ವರ್ಷದ ಮಳೆಗಾಲ ಮುಗಿದು ನೆರೆ ಇಳಿಯುತ್ತಿದ್ದಂತೆ ಕರಾವಳಿಗೆ ಕೆಸರು ಜ್ವರ ಬಂತು. ಹೊಸ ಔಷಧಿಗಳಾವುವಕ್ಕೂ ಅದು ಜಗ್ಗಲಿಲ್ಲ. ಕೊನೆಗೆ ವೈದ್ಯರು ಮೂಲೆಗೆ ಸೇರಿದ್ದ ಹಳೆಯ ಕಾಲದ ಆಂಟಿಬಯೋಟಿಕ್ ಒಂದನ್ನು ಹೊರತೆಗೆದರು, ಅದು ನಾಟಿತು. ಶೇಖರ ಐದು ದಿನ ಸೂಜಿ ಚುಚ್ಚಿಸಿಕೊಂಡ, ಜ್ವರ ಬಿಟ್ಟಿತು. ಆರನೆಯ ದಿನ ಬಂದರಿಗೆ ಹೋದವನು ಸ್ಕ್ರೂಡ್ರೈವರನ್ನು ಕಿವಿಗಿಟ್ಟು, "ಮೋಟಾರು ಆನ್ ಮಾಡು ಮಾರಾಯ" ಎಂದ.

ಮೋಟಾರು ಆಗಲೇ ಓಡುತ್ತಿತ್ತು.

ಈ ಸಂಗತಿ ಸುಗಂಧಿಗೆ ತಿಳಿದದ್ದು ಗುರುವಾರ. ಶೇಖರ ಅವಳ ತಾಯಿಯ ತಮ್ಮ. ಎರಡು ವರ್ಷದ ಹಿಂದೆ ತೀರಿಕೊಂಡ ತಾಯಿ ವಾರಿಜಳಿಗಂತೂ ಈ ತಮ್ಮನೆಂದರೆ ಪ್ರಾಣ. ಸುಗಂಧಿ ಕೆಲಸ ಮಾಡುತ್ತಿದ್ದದ್ದು ಕರಾವಳಿ ಮುನ್ನೋಟ ಕೇಂದ್ರದಲ್ಲಿ, ಅಂದರೆ ಆ ಕಪಾಟುಗಳಿಗೆ ಬುದ್ಧಿ ಹೇಳಿಕೊಡುವ ಜಾಗದಲ್ಲಿ. ಅರ್ಧ ದಿನ ರಜೆ ಹಾಕಿ ಬಂದವಳು ಮಾವನ ಎದುರು ಕುಳಿತು ಅವನ ಕೈ ಹಿಡಿದುಕೊಂಡಳು. ಶೇಖರ ಎದುರಿನವರ ಮಾತನ್ನು ಅಕ್ಷರವಾಗಿ ತೋರಿಸುವ ಅಂಗೈಯಗಲದ ಫಲಕವೊಂದನ್ನು ಮಡಿಲಲ್ಲಿಟ್ಟುಕೊಂಡಿದ್ದ.

"ನೀನು ಸುಮ್ಮನೆ ಕೂತ್ರೆ ಇದರಲ್ಲಿ ಎಂತ ಬರ್ತದೆ?" ಎಂದ. ಅವನ ದನಿ ಬೇಕಾದದ್ದಕ್ಕಿಂತ ಎತ್ತರವಾಗಿತ್ತು. "ಏನಾದ್ರೂ ಮಾತಾಡು."

ಒಳಗಿನಿಂದ ಕಲ್ಯಾಣಿ ದೊಡ್ಡಮ್ಮ ಚಹಾ ತಂದಿಟ್ಟಳು. ಐವರು ಒಡಹುಟ್ಟಿದವರಲ್ಲಿ ಹಿರಿಯವಳು ಅವಳೇ. ಎಪ್ಪತ್ತೆರಡಾದರೂ ಬೆನ್ನು ನೆಟ್ಟಗೆ, ಮಾತು ಅದಕ್ಕಿಂತ ನೆಟ್ಟಗೆ.

"ನಮ್ಮ ಮನೆಯವರಿಗೆ ಸೂಜಿ ಆಗುದಿಲ್ಲ ಅಂತ ನಾನು ಅವತ್ತೇ ಡಾಕ್ಟ್ರಿಗೆ ಹೇಳಿದೆ. ನಗಾಡಿದ್ರು. ಹಸಿರು ದೀಪ ಬಂದಿದೆ ಅಜ್ಜೀ ಅಂದ್ರು."

"ಯಾರಿಗೆಲ್ಲ ಆಗಿಲ್ಲ ದೊಡ್ಡಮ್ಮ?"

"ಚಂದು ಮಾವನಿಗೆ. ನನ್ನ ಅಮ್ಮನ ತಮ್ಮ ಅವರು. ಕ್ಷಯಕ್ಕೆ ಸೂಜಿ ಕೊಟ್ರು, ಕ್ಷಯ ಹೋಯ್ತು, ಕಿವಿಯೂ ಹೋಯ್ತು. ಮತ್ತೆ ಬೊಂಬಾಯಿಯಲ್ಲಿ ರುಕ್ಕು ಚಿಕ್ಕಮ್ಮ, ಅವರು ಅಮ್ಮನ ತಂಗಿ. ಹೆರಿಗೆ ಆದ ಮೇಲೆ ನಂಜಾಗಿತ್ತು, ಅದಕ್ಕೆ ಸೂಜಿ ಕೊಟ್ಟದ್ದು. ಮಗು ಅಳುದು ಕೇಳ್ಲಿಕ್ಕೇ ಇಲ್ಲ ಅವರಿಗೆ."

ಸುಗಂಧಿ ಚಹಾ ಕೆಳಗಿಟ್ಟಳು. ಸೋದರಮಾವ, ಅಜ್ಜಿಯ ತಮ್ಮ, ಅಜ್ಜಿಯ ತಂಗಿ. ಮೂವರೂ ತಾಯಿಯ ಕಡೆಯವರು. ಕಪಾಟು ಅವರನ್ನು ಯಾಕೆ ನೋಡಲಿಲ್ಲ ಎಂಬುದು ಅವಳಿಗೆ ಆ ಕ್ಷಣಕ್ಕೇ ಹೊಳೆದುಬಿಟ್ಟಿತು.

ನಾಲ್ಕು ವರ್ಷದ ಹಿಂದೆ ಕಪಾಟುಗಳ ಕಣ್ಣು ಕಟ್ಟಿದವಳು ಅವಳೇ.

ಕೇಂದ್ರದಲ್ಲಿ ಎರಡು ಯಂತ್ರಗಳಿದ್ದವು. ಒಂದರ ಹೆಸರು ಕಣಜ. ಜಿಲ್ಲೆಯ ಜನರ ಹುಟ್ಟು, ಸಾವು, ಹೆರಿಗೆ, ಜ್ವರ, ಔಷಧಿ ಎಲ್ಲವೂ ಅದರಲ್ಲಿ ತುಂಬಿದ್ದವು. ಕಣಜದಲ್ಲಿ ಕಾಳಿದ್ದರೆ ಸಾಲದು. ಯಾವ ಮೂಟೆಯಲ್ಲಿ ಯಾವ ಕಾಳಿದೆ, ಯಾವುದು ಯಾವುದರ ಕೆಳಗೆ ಬರುತ್ತದೆ ಎಂದು ಹೇಳುವ ಚೀಟಿಗಳು ಬೇಕು. ಇನ್ನೊಂದು ಯಂತ್ರ ಮುನ್ನೋಟ. ಅದು ಕಾಳಿಗಿಂತ ಮೊದಲು ಚೀಟಿಗಳನ್ನು ಓದಿ, ಅವುಗಳಿಂದ ಮೆಟ್ಟಿಲು ಕಟ್ಟಿಕೊಂಡು, ಆ ಮೆಟ್ಟಿಲು ಹತ್ತಿ ಇಳಿದು ಪ್ರತಿಯೊಬ್ಬರ ಬಗ್ಗೆ ಕಪಾಟಿಗೆ ವರದಿ ಕೊಡುತ್ತಿತ್ತು. ಚೀಟಿಗಳನ್ನು ಕಣಜದಿಂದ ಮುನ್ನೋಟಕ್ಕೆ ಇಳಿಸುವುದು ಸುಗಂಧಿಯ ಕೆಲಸವಾಗಿತ್ತು. ಜಿಲ್ಲೆ, ತಾಲೂಕು, ಊರು, ಮನೆ ಎಲ್ಲ ಸಲೀಸಾಗಿ ಇಳಿದವು. ಕುಟುಂಬಕ್ಕೆ ಬಂದಾಗ ಪರದೆಯ ಮೇಲೆ ಒಂದು ಪ್ರಶ್ನೆ ಮೂಡಿತು. ಒಬ್ಬ ವ್ಯಕ್ತಿಗೆ ಮೇಲಿನ ಮೆಟ್ಟಿಲು ಒಂದೇ ಇರಬೇಕು, ತಂದೆಯೋ ತಾಯಿಯೋ ಆರಿಸಿ. ಅವಳು ತಂದೆ ಎಂಬುದನ್ನು ಒತ್ತಿದಳು. ತಾಯಿಯ ಹೆಸರು ಮೆಟ್ಟಿಲಾಗದೆ ಬರಿಯ ವಿವರವಾಗಿ, ರೋಗಿಯ ಎತ್ತರ ತೂಕಗಳ ಪಕ್ಕ ಹೋಗಿ ಕುಳಿತಿತು. ಇಳಿಕೆ ಸಂಪೂರ್ಣ ಯಶಸ್ವಿ ಎಂದು ಯಂತ್ರ ಹೇಳಿತು, ಅವಳು ಊಟಕ್ಕೆ ಎದ್ದು ಹೋದಳು.

ತಮಾಷೆಯೆಂದರೆ ಸುಗಂಧಿ ಹುಟ್ಟಿದ ಸಮುದಾಯದಲ್ಲಿ ಮಕ್ಕಳು ತಾಯಿಯ ಮನೆಗೆ ಸೇರಿದವರು. ದೈವಕ್ಕೆ ಕಾಣಿಕೆ ಇಡುವಾಗ, ಮದುವೆಗೆ ಸಂಬಂಧ ನೋಡುವಾಗ, ಸತ್ತವರಿಗೆ ಸೂತಕ ಹಿಡಿಯುವಾಗ ಎಲ್ಲಕ್ಕೂ ತಾಯಿಯ ಬಳಿ, ಅಂದರೆ ತಾಯಿಯ ಕಡೆಯ ವಂಶವೇ ಲೆಕ್ಕ. ಆದರೆ ಒಂದನೇ ಕ್ಲಾಸಿನಿಂದ ಪ್ರತಿ ಅರ್ಜಿಯಲ್ಲೂ ತಂದೆಯ ಹೆಸರು ಬರೆದು ಬರೆದು ಅವಳ ಕೈಗೆ ಅದೇ ರೂಢಿಯಾಗಿತ್ತು. ಅಜ್ಜಿಯ ಮನೆಯ ಜಗಲಿಯಲ್ಲಿ ಕೂತಾಗ ತಪ್ಪದ ಲೆಕ್ಕ ಕಚೇರಿಯ ಕುರ್ಚಿಯಲ್ಲಿ ತಪ್ಪಿಹೋಗಿತ್ತು. ಬೇರೆ ಊರಿನವರು ಈ ತಪ್ಪು ಮಾಡಿದ್ದರೆ ಗೊತ್ತಿಲ್ಲದೆ ಮಾಡಿದರು ಎನ್ನಬಹುದಿತ್ತು. ಅವಳಿಗೆ ಆ ಸಮಾಧಾನವೂ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಕೇಂದ್ರದ ಮುಖ್ಯಸ್ಥರಾದ ಡಾಕ್ಟರ್ ಉಪಾಧ್ಯರ ಮುಂದೆ ನಿಂತು ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಶೇಖರನ ರಕ್ತದ ವರದಿಯೂ ಅಷ್ಟರಲ್ಲಿ ಬಂದಿತ್ತು. ಉಪಾಧ್ಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಮ್ಮ ಜೀವಕೋಶಗಳ ಒಳಗೆ ಸಣ್ಣ ಸಣ್ಣ ಒಲೆಗಳು ಉಂಟಲ್ಲ, ಶಕ್ತಿ ಮಾಡಿಕೊಡುವಂಥವು, ಅವಕ್ಕೆ ತಮ್ಮದೇ ಬೇರೆ ಬರಹ ಇರ್ತದೆ. ಅದು ತಾಯಿಯಿಂದ ಮಾತ್ರ ಬರ್ತದೆ. ತಂದೆಯದ್ದು ಬರುದಿಲ್ಲ. ನಿಮ್ಮ ಮಾವನ ಬರಹದಲ್ಲಿ ಒಂದು ಅಕ್ಷರ ಬೇರೆ ಉಂಟು. ಸುಮ್ಮನೆ ಇದ್ರೆ ಅದರಿಂದ ಏನೂ ತೊಂದರೆ ಇಲ್ಲ. ಈ ಔಷಧಿ ಹೋದ್ರೆ ಮಾತ್ರ ಕಿವಿಯೊಳಗಿನ ಒಲೆಗಳು ನಂದಿ ಹೋಗ್ತವೆ. ಕೆಲವರಿಗೆ ಒಂದೇ ಸೂಜಿ ಸಾಕು."

"ತಾಯಿಗೆ ಇದ್ರೆ ಮಕ್ಕಳೆಲ್ಲರಿಗೂ ಇರ್ತದಾ ಸಾರ್?"

"ಎಲ್ಲರಿಗೂ. ಗಂಡುಮಕ್ಕಳಿಗೂ ಇರ್ತದೆ, ಆದ್ರೆ ಅವರಿಂದ ಮುಂದಕ್ಕೆ ಹೋಗುದಿಲ್ಲ. ಹೆಣ್ಣುಮಕ್ಕಳಿಂದ ಹೋಗ್ತದೆ."

ಗೋಡೆಯ ಮೇಲಿನ ನಕ್ಷೆಯಲ್ಲಿ ಕೆಸರು ಜ್ವರದ ಊರುಗಳು ಗುರುತಾಗಿದ್ದವು. ಸೋಮವಾರ ಬೆಳಿಗ್ಗೆಯಿಂದ ನೆರೆ ಬಂದ ನೂರ ನಲವತ್ತು ಊರುಗಳಲ್ಲಿ ಎಲ್ಲರಿಗೂ ಮುಂಜಾಗ್ರತೆಯ ಸೂಜಿ ಹಾಕುವುದೆಂದು ತೀರ್ಮಾನವಾಗಿತ್ತು. ನಾಲ್ಕು ಲಕ್ಷ ಜನ. ಅವರಲ್ಲಿ ಈ ಬೇರೆ ಅಕ್ಷರದವರು ಐನೂರಕ್ಕೋ ಆರುನೂರಕ್ಕೋ ಒಬ್ಬರು. ರಕ್ತ ನೋಡುವ ಕಿಟ್ಟುಗಳು ಜಿಲ್ಲೆಯಲ್ಲಿ ಆರುನೂರು ಮಾತ್ರ. ಕಿವಿಗೆ ತೊಂದರೆ ಕೊಡದ ಬದಲಿ ಔಷಧಿ ಒಂಬೈನೂರು ಜನರಿಗೆ ಸಾಲುವಷ್ಟಿತ್ತು.

"ಸೋಮವಾರದ್ದನ್ನು ಮುಂದೆ ಹಾಕ್ಲಿಕ್ಕೆ ಆಗುದಿಲ್ವಾ?" ಸುಗಂಧಿ ಕೇಳಿದಳು.

"ಒಂದು ವಾರ ಮುಂದೆ ಹಾಕಿದ್ರೆ ಜ್ವರದಲ್ಲಿ ಇನ್ನೂರು ಜನ ಹೋಗ್ತಾರೆ, ನಿಮ್ಮ ಮುನ್ನೋಟವೇ ಹೇಳಿದ್ದು. ಯಾರಿಗೆ ಸೂಜಿ ಬೇಡ ಅಂತ ಭಾನುವಾರ ಸಂಜೆಯೊಳಗೆ ಪಟ್ಟಿ ಕೊಡಿ ಸುಗಂಧಿಯವರೇ. ನೀವು ಹೆಸರು ಕೊಟ್ಟವರ ಕಿವಿ ಉಳೀತದೆ."

ಬೈದಿದ್ದರೆ ಚೆನ್ನಾಗಿತ್ತು ಎಂದುಕೊಂಡು ಅವಳು ತನ್ನ ಕೋಣೆಗೆ ಬಂದಳು.

ಅಲ್ಲಿ ಜೊತೆಗಾರ ಮೆಲ್ವಿನ್ ಕಾಯುತ್ತಿದ್ದ. ಇಬ್ಬರೂ ಸೇರಿ ತಂದೆಯ ಮೆಟ್ಟಿಲನ್ನು ಪಕ್ಕಕ್ಕಿಟ್ಟು ತಾಯಿಯ ಮೆಟ್ಟಿಲು ಇಳಿಸಲು ಕೂತರು. ಮೊದಲ ಸಲ ಇಳಿಸಿದಾಗ ಎರಡೇ ತಲೆಮಾರು ಬಂತು. ಅದರಾಚೆ ಖಾಲಿ. ಕಾರಣ ಹುಡುಕಿದರೆ, ಹೆಣ್ಣುಮಕ್ಕಳಿಗೆ ಮದುವೆಯಾದೊಡನೆ ಕಣಜ ಅವರನ್ನು ಗಂಡನ ಮನೆಯ ಮೂಟೆಗೆ ವರ್ಗ ಮಾಡಿ, ಹಳೆಯ ಚೀಟಿಯ ಮೇಲೆ ಹೊಸ ಚೀಟಿ ಅಂಟಿಸಿಬಿಟ್ಟಿತ್ತು. ಹಳೆಯದು ಎಲ್ಲೂ ಉಳಿದಿರಲಿಲ್ಲ. ಮೇಲಿನ ಮೆಟ್ಟಿಲು ಸಿಗದೆ ಮೂರು ಲಕ್ಷ ಜನ 'ಇತರೆ' ಎಂಬ ಒಂದೇ ಹೆಸರಿನ ಕೆಳಗೆ ಗುಡ್ಡೆಯಾಗಿ ಬಿದ್ದಿದ್ದರು.

"ನಮ್ಮಲ್ಲಾದ್ರೆ ಇಗರ್ಜಿಯ ಪುಸ್ತಕ ಉಂಟು ಸುಗಂಧಕ್ಕ," ಎಂದ ಮೆಲ್ವಿನ್. "ಮಗುವಿಗೆ ಜ್ಞಾನಸ್ನಾನ ಕೊಡುವಾಗ ತಾಯಿಯ ತವರಿನ ಹೆಸರೂ ಬರೀತಾರೆ. ನಾನು ಪಾದ್ರಿಗಳಿಗೆ ಫೋನ್ ಮಾಡ್ತೇನೆ. ನಿಮ್ಮವರದ್ದು ಯಾರು ಬರೆದಿಟ್ಟಿದ್ದಾರೆ?"

"ಯಾರೂ ಬರೀಲಿಲ್ಲ," ಎಂದಳು ಸುಗಂಧಿ. "ಎಲ್ಲ ಬಾಯಲ್ಲೇ."

ಆ ಸಂಜೆ ಮತ್ತೆ ಹೊಸಕೋಡಿಗೆ ಹೋಗಿ ದೊಡ್ಡಮ್ಮನೆದುರು ಕಾಗದ ಹರಡಿ ಕೂತಳು. ಅಜ್ಜಿಯ ಅಜ್ಜಿಯಿಂದ ಹಿಡಿದು ಯಾರ ಹೊಟ್ಟೆಯಲ್ಲಿ ಯಾರು ಹುಟ್ಟಿದರೆಂದು ಹೇಳಿ ಎಂದು ಕೇಳಿದಳು. ಕಲ್ಯಾಣಿ ಹೇಳತೊಡಗಿದಳು, ಹತ್ತು ನಿಮಿಷದಲ್ಲೇ ಗೋಜಲಾಯಿತು. ಇಬ್ಬರು ಲಕ್ಷ್ಮಿಯರು, ಮೂವರು ಕಮಲರು; ಯಾರ ಮಗಳು ಯಾರೆಂದು ಹೇಳಹೋಗಿ ಅವರ ಗಂಡಂದಿರ ಕುಡಿತದ ಕಥೆಗೆ ಹೊರಳಿತು.

"ಹೀಗೆ ಕೇಳಿದ್ರೆ ನಂಗೆ ಬರುದಿಲ್ಲ ಮಗಾ," ಎಂದು ಕಲ್ಯಾಣಿ ಸೋತ ದನಿಯಲ್ಲಿ ಹೇಳಿದಳು. "ಯಾರಾದ್ರೂ ಹೋದಾಗ ಯಾರಿಗೆಲ್ಲ ಹೇಳ್ಬೇಕು ಅಂತ ಕೇಳು, ಅದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ರೂ ಹೇಳ್ತೇನೆ."

"ಎಷ್ಟು ಜನಕ್ಕೆ ಹೇಳ್ತೀರಿ?"

"ನಾನು ಏಳೇ ಜನಕ್ಕೆ ಹೇಳುದು. ತಂಗಿ ಯಶೋದೆಗೆ, ರುಕ್ಕು ಚಿಕ್ಕಮ್ಮನ ಮಗಳಿಗೆ, ಹೀಗೆ ಒಂದೊಂದು ಕವಲಿನ ಹಿರಿ ಹೆಂಗಸಿಗೆ. ಅವರು ಅವರವರ ಹೆಣ್ಣುಮಕ್ಕಳಿಗೆ ಹೇಳ್ತಾರೆ. ಅವರು ಮುಂದೆ. ನಮ್ಮ ಸೂತಕ ಇದ್ದವರಿಗೆಲ್ಲ ಒಂದು ಗಂಟೆಯಲ್ಲಿ ಮುಟ್ತದೆ. ಬೊಂಬಾಯಿಗೆ, ದುಬಾಯಿಗೆ ಎಲ್ಲ."

"ಗಂಡಸರಿಗೆ?"

"ಹೇಳ್ತೇವೆ. ಅವರಿಗೂ ಸೂತಕ ಉಂಟಲ್ಲ. ಆದ್ರೆ ಅವರು ಮುಂದೆ ಯಾರಿಗೂ ಹೇಳ್ಲಿಕ್ಕಿಲ್ಲ. ಅವರ ಮಕ್ಕಳಿಗೆ ಅವರ ಅಮ್ಮನ ಮನೆಯ ಸೂತಕ."

ಸುಗಂಧಿಯ ಕೈಯಲ್ಲಿದ್ದ ಪೆನ್ನು ನಿಂತೇಬಿಟ್ಟಿತು. ಬೆಳಿಗ್ಗೆ ಉಪಾಧ್ಯರು ಹೇಳಿದ ಮಾತನ್ನೇ ದೊಡ್ಡಮ್ಮ ಬೇರೆ ಪದಗಳಲ್ಲಿ ಹೇಳುತ್ತಿದ್ದಳು. ಗಂಡಸರಿಗೆ ಮುಟ್ಟುತ್ತದೆ, ಅವರಿಂದ ದಾಟುವುದಿಲ್ಲ. ಇಡೀ ಪಟ್ಟಿ ಯಾರೊಬ್ಬರ ತಲೆಯಲ್ಲೂ ಇರಲಿಲ್ಲ. ಪ್ರತಿ ಹೆಂಗಸಿಗೂ ತನ್ನ ಕೆಳಗಿನ ಒಂದೇ ಒಂದು ಮೆಟ್ಟಿಲು ಗೊತ್ತಿತ್ತು, ಅಷ್ಟೇ ಬೇಕಾಗಿತ್ತು. ಮುನ್ನೋಟಕ್ಕೂ ಅದಕ್ಕಿಂತ ಹೆಚ್ಚೇನೂ ಬೇಕಿರಲಿಲ್ಲ. ಎಷ್ಟು ಮೆಟ್ಟಿಲೆಂದು ಮೊದಲೇ ಹೇಳದೆ, ಜೋಡಿ ಜೋಡಿಯಾಗಿ ಹೆಸರು ಕೊಟ್ಟರೆ ತಾನೇ ಕಟ್ಟಿಕೊಳ್ಳುವ ವಿಧಾನವೊಂದು ಅದರಲ್ಲಿತ್ತು. ಆಯ್ಕೆಗಳ ಸಾಲಿನ ತಳದಲ್ಲಿದ್ದ ಅದನ್ನು ನಾಲ್ಕು ವರ್ಷದಲ್ಲಿ ಯಾರೂ ಮುಟ್ಟಿರಲಿಲ್ಲ. ಅವಳು ಕಾಗದದ ಮೇಲೆ ಎರಡು ಸಾಲು ಎಳೆದು ತಲೆಬರಹ ಬರೆದಳು. ಹೇಳಿದವರು, ಕೇಳಿದವರು.

"ದೊಡ್ಡಮ್ಮ, ನಾಳೆ ಬೆಳಿಗ್ಗೆ ಆ ಏಳು ಫೋನ್ ಮಾಡ್ಬೇಕು."

ಕಲ್ಯಾಣಿ ಎದ್ದು ನಿಂತಳು. "ಯಾರು ಸತ್ತಿದ್ದಾರೆ?"

"ಯಾರೂ ಇಲ್ಲ."

"ಯಾರೂ ಸಾಯದೆ ಸೂತಕದ ಫೋನ್ ಮಾಡ್ಲಿಕ್ಕುಂಟಾ? ಸಾವನ್ನು ಮನೆಗೆ ಕರೆದ ಹಾಗೆ ಆಗ್ತದೆ. ನನ್ನಿಂದ ಆಗುದಿಲ್ಲ. ಮೆಸೇಜು ಗಿಸೇಜು ಹಾಕುದಾದ್ರೆ ನೀನೇ ಹಾಕು."

ಮೆಸೇಜಿಗೆ ಯಾರೂ ಕಿವಿಗೊಡುವುದಿಲ್ಲವೆಂದು ಸುಗಂಧಿಗೆ ಗೊತ್ತಿತ್ತು. ದಿನಕ್ಕೆ ನೂರು ಬರುತ್ತವೆ. ಕಲ್ಯಾಣಿಯ ಫೋನು ಬಂದರೆ ಮಾತ್ರ ಉಣ್ಣುತ್ತಿದ್ದವರೂ ಎದ್ದು ಎತ್ತುತ್ತಾರೆ. ಅವಳು ಬೇಡಿಕೊಂಡಳು, ವಿಜ್ಞಾನ ಹೇಳಿದಳು, ಕೊನೆಗೆ ಸಿಟ್ಟೂ ಮಾಡಿದಳು. ಕಲ್ಯಾಣಿ ಸೆರಗಿನಿಂದ ಮುಖ ಒರೆಸಿಕೊಂಡು ಆಗುವುದಿಲ್ಲವೆಂದು ತಲೆಯಾಡಿಸಿದಳು. ಅವಳದ್ದು ಹಟವಲ್ಲ, ನಿಜವಾದ ಭಯವಾಗಿತ್ತು.

ಆಗ ಮೂಲೆಯಲ್ಲಿ ಕುಳಿತು ಇಬ್ಬರ ಜಗಳವನ್ನು ಫಲಕದಲ್ಲಿ ಓದುತ್ತಿದ್ದ ಶೇಖರ ಬಾಯಿ ತೆರೆದ.

"ಅಕ್ಕ, ನನ್ನ ಎರಡು ಕಿವಿ ಸತ್ತಿದೆ. ನಲವತ್ತು ವರ್ಷ ನಂಗೆ ಅನ್ನ ಹಾಕಿದ ಕಿವಿ. ಅದಕ್ಕೆ ಸೂತಕ ಇಲ್ವಾ? ಶೇಖರನ ಕಿವಿ ಹೋಯ್ತು ಅಂತ ಹೇಳು. ಸುಳ್ಳು ಹೇಳಿದ ಹಾಗೆ ಆಗುದಿಲ್ಲ."

ಕಲ್ಯಾಣಿ ತಮ್ಮನ ಮುಖ ನೋಡಿದಳು. ಜ್ವರ ಬಿಟ್ಟ ದಿನದಿಂದ ಅವಳು ಅತ್ತಿರಲಿಲ್ಲ. ಅವನ ಪಕ್ಕದಲ್ಲಿ ಕೂತು, ಬೇಕಾದಷ್ಟು ಅತ್ತು, ಮೂಗು ಒರೆಸಿಕೊಂಡು, "ಬೆಳಿಗ್ಗೆ ಎಂಟು ಗಂಟೆಗೆ ಮಾಡ್ತೇನೆ" ಎಂದಳು.

ಶನಿವಾರ ಎಂಟಕ್ಕೆ ಮೊದಲ ಫೋನು ಹೋಯಿತು. ಮುಂಬಯಿಯ ಯಶೋದೆ ಎತ್ತಿದವಳೇ "ಯಾರು?" ಎಂದಳು.

"ಯಾರೂ ಹೋಗ್ಲಿಲ್ಲ. ಮೊದಲು ಸರಿಯಾಗಿ ಕೇಳು. ಶೇಖರನ ಕಿವಿ ಹೋಯ್ತು. ಸೂಜಿಯಿಂದ. ನಮ್ಮ ಸೂತಕ ಇರುವ ಯಾರೂ ಕೆಸರು ಜ್ವರದ ಸೂಜಿ ಚುಚ್ಚಿಸ್ಲಿಕ್ಕಿಲ್ಲ. ನೀನು ನಿನ್ನವರಿಗೆ ಹೇಳು. ನಿಂಗೆ ಹೇಳಿದ್ದು ಯಾರು, ನೀನು ಹೇಳಿದ್ದು ಯಾರಿಗೆ, ಎರಡು ಹೆಸರು ಕಾರ್ಡ್ ನಂಬ್ರ ಸಮೇತ ಸುಗಂಧಿಗೆ ಕಳಿಸ್ಬೇಕು."

ಹೀಗೆ ಏಳು ಸಲ. ಏಳು ಮಂದಿ ಇಪ್ಪತ್ತೊಂಬತ್ತಾದರು, ಇಪ್ಪತ್ತೊಂಬತ್ತು ನೂರ ಹತ್ತಾದರು. ದುಬಾಯಿಯ ಒಬ್ಬಳು ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಲ್ಲೇ ಮತ್ತೆ ಫೋನ್ ಮಾಡಿ ಸತ್ತದ್ದು ಯಾರೆಂದು ಕೇಳಿದಳು. ಒಂದು ಮನೆಯಲ್ಲಿ ನಿಶ್ಚಿತಾರ್ಥಕ್ಕೆ ಇಟ್ಟ ಪಾಯಸದ ಒಲೆ ಆರಿಸಿ, ವಿಷಯ ತಿಳಿದ ಮೇಲೆ ಮತ್ತೆ ಹೊತ್ತಿಸಿದರು. ಕಿವಿಗೂ ಮೂರು ದಿನ ಸೂತಕವೋ ಹತ್ತು ದಿನವೋ ಎಂದು ಒಬ್ಬಳು ಗಂಭೀರವಾಗಿ ಕೇಳಿದ್ದಕ್ಕೆ ಕಲ್ಯಾಣಿ ಅವಳಿಗೆ ಸರಿಯಾಗಿ ಉಗಿದಳು.

ಕೇಂದ್ರದಲ್ಲಿ ಸುಗಂಧಿ, ಮೆಲ್ವಿನ್ ಇಬ್ಬರೂ ಪರದೆಯ ಮುಂದೆ ನಿಂತಿದ್ದರು. ಜೋಡಿ ಹೆಸರುಗಳು ಒಂದೊಂದಾಗಿ ಬಂದು ಬೀಳುತ್ತಿದ್ದವು. ಮುನ್ನೋಟ ಪ್ರತಿ ಹೆಸರನ್ನೂ 'ಇತರೆ' ಎಂಬ ಗುಡ್ಡೆಯಿಂದ ಎತ್ತಿ, ಸುದ್ದಿ ಹೇಳಿದ ಹೆಂಗಸಿನ ಕೆಳಗೆ ತಂದು ಕೂರಿಸುತ್ತಿತ್ತು. ಹತ್ತು ಗಂಟೆಯ ಹೊತ್ತಿಗೆ ಮುನ್ನೂರ ಹನ್ನೆರಡು ಜನರ ಮರವೊಂದು ಪರದೆಯ ತುಂಬ ನಿಂತಿತು. ಅದರ ಪ್ರತಿ ಕವಲಿನಲ್ಲಿ ಒಬ್ಬ ಹೆಂಗಸಿನ ರಕ್ತ ನೋಡಿದರೆ ಕೆಳಗಿನವರೆಲ್ಲರ ವಿಷಯ ತಿಳಿಯುತ್ತಿತ್ತು. ಎಂಟು ಕಿಟ್ಟು ಸಾಕಾದವು. ಸುಗಂಧಿ ತನ್ನ ಹೆಸರಿನ ಪಕ್ಕ, ತನ್ನ ಮಗಳ ಹೆಸರಿನ ಪಕ್ಕ ಕೆಂಪು ಚುಕ್ಕಿ ಮೂಡುವುದನ್ನು ನೋಡಿದಳು. ಅವಳಿಗೆ ಹೆದರಿಕೆಯಾಗಲಿಲ್ಲ, ನಿರಾಳವೆನಿಸಿತು.

ಸುದ್ದಿಗೆ ಕಾಲು ಬಂದವು. ಮಧ್ಯಾಹ್ನದೊಳಗೆ ಬೇರೆ ಮನೆತನಗಳ ಹಿರಿಯ ಹೆಂಗಸರು ಕೇಂದ್ರಕ್ಕೆ ಫೋನ್ ಮಾಡಿ, "ನಮ್ಮಲ್ಲೂ ಒಬ್ರು ಕಿವುಡರಿದ್ರು, ನಮ್ಮದೂ ಹಾಕಿ" ಎನ್ನತೊಡಗಿದರು. ಮೆಲ್ವಿನ್‌ನ ಪಾದ್ರಿಗಳು ಪುಸ್ತಕ ಬಿಚ್ಚಿ ಓದಿ ಹೇಳಿದರು. ಭಾನುವಾರ ಬೆಳಿಗ್ಗೆ ಉಪಾಧ್ಯರು ಬಂದು ಪರದೆ ನೋಡಿದಾಗ ನೂರ ಎಂಬತ್ತು ಮರಗಳಿದ್ದವು, ಕೆಂಪು ಚುಕ್ಕಿಯವರು ಏಳುನೂರ ಚಿಲ್ಲರೆ.

"ಔಷಧಿ ಸಾಕಾಗ್ತದೆ," ಎಂದರು ಅವರು. ಅಷ್ಟು ಹೇಳಿ ಕನ್ನಡಕ ಒರೆಸಿಕೊಂಡು ಹೊರಟರು.

ಅವರು ಹೋದ ಮೇಲೆ ಸುಗಂಧಿ ತನ್ನ ಮನೆತನದ ಮರವನ್ನು ಇನ್ನೊಮ್ಮೆ ತೆರೆದಳು. ಕೆಳಗೆ ಮುನ್ನೋಟ ಒಂದು ಸಣ್ಣ ಟಿಪ್ಪಣಿ ಹಾಕಿತ್ತು. ಅಜ್ಜಿಯ ಹಳೆಯ ಹೆರಿಗೆ ದಾಖಲೆಯಲ್ಲಿ ಮಕ್ಕಳು ಐದು, ಮರದಲ್ಲಿ ನಾಲ್ಕು, ಒಂದು ಸಿಗುತ್ತಿಲ್ಲ.

ಯಂತ್ರಕ್ಕೆ ಸಿಗದಿದ್ದದ್ದು ಅವಳಿಗೆ ಗೊತ್ತಿತ್ತು. ಸುನಂದ ಚಿಕ್ಕಮ್ಮ, ಐವರಲ್ಲಿ ಕೊನೆಯವಳು. ಇಪ್ಪತ್ತೆಂಟು ವರ್ಷದ ಹಿಂದೆ ಮನೆಯವರು ಬೇಡವೆಂದ ಕಡೆ ಮದುವೆಯಾಗಿ ಹೋದವಳು. ಅವತ್ತು ಕಲ್ಯಾಣಿ ಅಂಗಳದಲ್ಲಿ ನಿಂತು, ಇನ್ನು ಅವಳ ಸೂತಕ ನಮಗಿಲ್ಲ, ನಮ್ಮ ಸೂತಕ ಅವಳಿಗಿಲ್ಲ ಎಂದಿದ್ದಳು. ಅದಕ್ಕಿಂತ ದೊಡ್ಡ ಶಿಕ್ಷೆ ಆ ಮನೆತನದಲ್ಲಿ ಇರಲಿಲ್ಲ. ವಾರಿಜ ತೀರಿಕೊಂಡಾಗಲೂ ಸುನಂದೆಗೆ ಯಾರೂ ಹೇಳಲಿಲ್ಲ. ಸುಗಂಧಿಯೂ ಹೇಳಲಿಲ್ಲ. ಹೇಳಬೇಕೆಂದು ಅನ್ನಿಸಿತ್ತು, ದೊಡ್ಡಮ್ಮನ ಮುಖ ನೋಡಿ ಸುಮ್ಮನಾಗಿದ್ದಳು.

ಅವಳು ಕಾರು ಹತ್ತಿ ನೇರ ಹೊಸಕೋಡಿಗೆ ಬಂದಳು. ಹನ್ನೊಂದೂವರೆ ಗಂಟೆ. ಕಲ್ಯಾಣಿ ಮೀನು ಕೊಯ್ಯುತ್ತಿದ್ದಳು. ಎರಡು ದಿನದ ಫೋನಿನ ಗೆಲುವು ಇನ್ನೂ ಮುಖದ ಮೇಲಿತ್ತು.

"ಒಂದು ಫೋನು ಬಾಕಿ ಉಂಟು ದೊಡ್ಡಮ್ಮ."

ಯಾರಿಗೆ ಎಂದು ಕಲ್ಯಾಣಿ ಕೇಳಲಿಲ್ಲ. ಕತ್ತಿ ಕೆಳಗಿಟ್ಟಳು.

"ಅವಳ ಊರಿಗೂ ನೆರೆ ಬಂದಿದೆ," ಎಂದಳು ಸುಗಂಧಿ. "ನಾಳೆ ಅಲ್ಲಿಯೂ ಸೂಜಿ ಉಂಟು. ಕಪಾಟಿಗೆ ಅವಳು ಯಾರಂತ ಗೊತ್ತಿಲ್ಲ, ಹಸಿರು ದೀಪ ತೋರಿಸ್ತದೆ. ನಾನೇ ಮಾಡ್ಬಹುದು. ಆದ್ರೆ ನಾನು ಮಾಡಿದ್ರೆ ಅವಳು ಎತ್ತುದಿಲ್ಲ. ಎತ್ತಿದ್ರೂ ನಂಬುದಿಲ್ಲ."

ಶೇಖರ ಮಡಿಲಿನ ಫಲಕ ಓದಿ ಅಕ್ಕನನ್ನೇ ನೋಡುತ್ತಿದ್ದ. ಕಲ್ಯಾಣಿ ಕೈ ತೊಳೆದು ಬಂದಳು. ಫೋನು ಎತ್ತಿಕೊಂಡು, ಪಟ್ಟಿ ನೋಡದೆ, ಯಾರನ್ನೂ ಕೇಳದೆ ಹತ್ತು ಅಂಕಿಗಳನ್ನು ಒತ್ತಿದಳು. ಇಪ್ಪತ್ತೆಂಟು ವರ್ಷ ಒಂದು ಸಲವೂ ಮಾಡದ ನಂಬರು ಅವಳಿಗೆ ಬಾಯಿಪಾಠವಿತ್ತು.

ಮೂರನೆಯ ರಿಂಗಿಗೆ ಆಚೆಯಿಂದ ಉಸಿರಿನ ಸದ್ದು ಕೇಳಿಸಿತು. ಆಮೇಲೆ ತೀರ ಸಣ್ಣ ದನಿ.

"ಅಕ್ಕ? ಯಾರು ಹೋದ್ರು?"

"ಯಾರೂ ಹೋಗ್ಲಿಲ್ಲ ಸುನಂದ." ಕಲ್ಯಾಣಿ ಫೋನನ್ನು ಸ್ಪೀಕರಿಗೆ ಹಾಕಿದಳು. "ನಿಂಗೆ ಒಂದು ವಿಷಯ ಹೇಳ್ಲಿಕ್ಕುಂಟು."

ಅವಳು ಹೇಳಿದಳು.

"ನನ್ನ ಮಗಳು ದಿವಿಜ ಆಸ್ಪತ್ರೆಯಲ್ಲಿದ್ದಾಳೆ ಅಕ್ಕ," ಎಂದಳು ಸುನಂದ. "ನಿನ್ನೆಯಿಂದ ಜ್ವರ. ನಾನು ಅವಳ ಹತ್ರವೇ ಇದ್ದೇನೆ. ಮೊದಲನೇ ಸೂಜಿ ಹನ್ನೆರಡಕ್ಕೆ ಅಂತ ಹೇಳಿದ್ದಾರೆ. ನರ್ಸ್ ಈಗ ಕಾರ್ಡ್ ತಕ್ಕೊಂಡು ಹೋದ್ರು."

ಗಡಿಯಾರದಲ್ಲಿ ಹನ್ನೆರಡಕ್ಕೆ ಆರು ನಿಮಿಷವಿತ್ತು. ಸುಗಂಧಿ ನೆಲದ ಮೇಲೇ ಕುಳಿತು ತನ್ನ ಯಂತ್ರ ತೆರೆದಳು. "ಕಾರ್ಡ್ ನಂಬ್ರ ಹೇಳು ಚಿಕ್ಕಮ್ಮ, ಮೊದಲು ನಿನ್ನದು, ಮತ್ತೆ ಅವಳದು," ಎಂದು ಕೂಗಿದಳು. ಸುನಂದ ಹೇಳಿದಳು, ನಡುವೆ ಒಂದಂಕಿ ತಪ್ಪಿತು, ಮತ್ತೆ ಹೇಳಿದಳು. ಹೇಳಿದವರು ಕಲ್ಯಾಣಿ, ಕೇಳಿದವರು ಸುನಂದ. ಹೇಳಿದವರು ಸುನಂದ, ಕೇಳಿದವರು ದಿವಿಜ. ಸುಗಂಧಿ ಒತ್ತಿದಳು. ಮುನ್ನೋಟ ಯೋಚಿಸಿತು. ಅದು ಯೋಚಿಸುವುದು ನಾಲ್ಕೇ ಸೆಕೆಂಡು, ಆದರೆ ಆ ನಾಲ್ಕು ಸೆಕೆಂಡಿನಲ್ಲಿ ಸುಗಂಧಿಗೆ ನಾಲ್ಕು ವರ್ಷದ ಹಿಂದೆ ತಾನು ಎದ್ದು ಹೋದ ಆ ಊಟ ನೆನಪಾಯಿತು.

"ಓಡು," ಎಂದು ಕಲ್ಯಾಣಿ ಫೋನಿನಲ್ಲಿ ಹೇಳುತ್ತಿದ್ದಳು. "ಸೂಜಿ ಬೇಡ ಅಂತ ಹೇಳು. ನಗಾಡ್ತಾರೆ, ನಗಾಡ್ಲಿ. ಬಿಡ್ಬೇಡ."

ಫೋನಿನಲ್ಲಿ ಚಪ್ಪಲಿಯ ಸದ್ದು, ಬಾಗಿಲ ಸದ್ದು, ಯಾರೋ ಹೆಂಗಸು ಯಾವುದನ್ನೋ ದಬದಬ ತಟ್ಟುವ ಸದ್ದು ಕೇಳಿಸಿತು. ಆಮೇಲೆ ಸುನಂದ ಏದುಸಿರು ಬಿಡುತ್ತ ಹೇಳಿದಳು.

"ಅಕ್ಕ, ನರ್ಸ್ ಕಪಾಟಿಗೆ ಬೈತಾ ಇದ್ದಾರೆ. ಈಗ ತಾನೇ ಕಾರ್ಡ್ ಇಟ್ಟಾಗ ಹಸಿರು ಇತ್ತಂತೆ, ಖಾನೆ ತೆರೆಯುವಷ್ಟರಲ್ಲಿ ಕೆಂಪು ಬಂತಂತೆ. ಖಾನೆ ಎಳೆದ್ರೂ ಬರುದಿಲ್ಲ ಅಂತೆ."

ಸುಗಂಧಿ ಬದಲಿ ಔಷಧಿ ಕಳಿಸುವ ಪಟ್ಟಿಗೆ ಆ ಆಸ್ಪತ್ರೆಯ ಹೆಸರು ಸೇರಿಸಿದಳು. ಪರದೆಯ ಮೇಲಿನ ಮರದಲ್ಲಿ ಐದನೆಯ ಕವಲು ಚಿಗುರಿತ್ತು, ಕೆಳಗಿನ ಟಿಪ್ಪಣಿ ತಾನಾಗಿಯೇ ಅಳಿಸಿಹೋಗಿತ್ತು. ಶೇಖರ ಕೈ ಚಾಚಿ ಫೋನು ಇಸಿದುಕೊಂಡು, ಕಿವಿಗಿಡದೆ ಅಂಗೈಯಲ್ಲಿ ಹಿಡಿದ. ಕಿವಿ ಹೋದಂದಿನಿಂದ ಮೋಟಾರುಗಳನ್ನೂ ಅವನು ಬೆರಳಿನಲ್ಲೇ ಕೇಳಲು ಕಲಿಯುತ್ತಿದ್ದ, ಎರಡು ಬೋಟು ರಿಪೇರಿಯೂ ಮಾಡಿ ಕೊಟ್ಟಿದ್ದ. ತಂಗಿಯ ದನಿ ಅಂಗೈಯಲ್ಲಿ ನಡುಗುತ್ತಿತ್ತು.

"ಅಳ್ತಾ ಇದ್ದಾಳೆ," ಎಂದು ಅವನು ಅಕ್ಕನಿಗೆ ಫೋನು ಹಿಂದೆ ಕೊಟ್ಟ.

"ವಾರಿಜಕ್ಕ ಹೋದದ್ದು ನಾನು ಪೇಪರಿನಲ್ಲಿ ಓದಿದೆ," ಎಂದು ಸುನಂದ ಹೇಳುತ್ತಿದ್ದಳು. "ಮೂರು ದಿನ ಆದ ಮೇಲೆ. ತಲೆಗೆ ನೀರು ಹಾಕಿಕೊಳ್ಬೇಕಾ ಬೇಡ್ವಾ ಅಂತ ಗೊತ್ತಾಗ್ಲಿಲ್ಲ ಅಕ್ಕ. ಬಚ್ಚಲಲ್ಲಿ ಸುಮ್ಮನೆ ನಿಂತಿದ್ದೆ."

ಸುಗಂಧಿ ತಲೆ ತಗ್ಗಿಸಿ ಕೂತಿದ್ದಳು.

"ನಾನು ತಪ್ಪು ಮಾಡಿದೆ," ಎಂದಳು ಕಲ್ಯಾಣಿ. ಆ ಮಾತನ್ನು ಅವಳ ಬಾಯಲ್ಲಿ ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. "ಇನ್ನು ಯಾರು ಹೋದ್ರೂ ಮೊದಲ ಫೋನು ನಿಂಗೆ. ನಾನು ಹೋದ್ರೆ ಉಳಿದ ಏಳು ಫೋನು ನೀನು ಮಾಡ್ಬೇಕು. ನಂಬ್ರ ಎಲ್ಲ ಬರ್ಕೊ."

ಆಚೆ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು, ಅಕ್ಕನ ಸಾವಿನ ಸುದ್ದಿ ಹೇಳುವ ಹಕ್ಕು ತನಗೆ ಸಿಕ್ಕಿತೆಂದು ಸುನಂದ ಸಂತೋಷಕ್ಕೆ ಬಿಕ್ಕಿ ಬಿಕ್ಕಿ ಅತ್ತಳು. ಹಾಸಿಗೆಯ ಮೇಲಿದ್ದ ದಿವಿಜ ಅದನ್ನು ಕೇಳಿಸಿಕೊಂಡು, "ಅಮ್ಮ, ಯಾರದು ಫೋನು?" ಎಂದು ಕೂಗಿದಳು.